ಖಿನ್ನತೆಯ ಔಷಧ: ತಿಳಿದು ಬಳಸುವ ಕ್ರಮ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳ ರೈತರ ಮನೆಗಳಲ್ಲಿ ಗುಳಿಗೆಗಳ ಒಂದು ಚಿಕ್ಕ ಡಬ್ಬಿ ಇರುವುದು ಈಗ ಸಾಮಾನ್ಯ. ರಕ್ತದೊತ್ತಡಕ್ಕೆ ಒಂದು, ಸಕ್ಕರೆ ಕಾಯಿಲೆಗೆ ಒಂದು, ಮೊಣಕಾಲು ನೋವಿಗೆ ಮತ್ತೊಂದು. ಇವುಗಳ ಬಗ್ಗೆ ಕಟ್ಟೆಯ ಮೇಲೆ ಕುಳಿತು ಮುಕ್ತವಾಗಿ ಮಾತನಾಡುತ್ತಾರೆ. ಆದರೆ ಅದೇ ಡಬ್ಬಿಯಲ್ಲಿ ಇನ್ನೊಂದು ಪಟ್ಟಿ ಇದ್ದರೆ ಅದನ್ನು ಬಟ್ಟೆಯ ಕೆಳಗೆ ಮುಚ್ಚಿಡುತ್ತಾರೆ. ಅದು ಮನಸ್ಸಿನ ಖಿನ್ನತೆಗೆ ವೈದ್ಯರು ಬರೆದುಕೊಟ್ಟ ಗುಳಿಗೆ. ಮುಚ್ಚಿಟ್ಟ ವಸ್ತುವಿನ ಬಗ್ಗೆ ಯಾರನ್ನೂ ಕೇಳುವಂತಿಲ್ಲ. ಹೀಗಾಗಿ ಎಷ್ಟು ದಿನ ತೆಗೆದುಕೊಳ್ಳಬೇಕು, ಯಾವಾಗ ನಿಲ್ಲಿಸಬೇಕು, ಯಾವುದರ ಜೊತೆ ಸೇರಬಾರದು ಎಂಬುದು ತಿಳಿಯದೆ ಹಲವರು ತೊಂದರೆಗೊಳಗಾಗುತ್ತಾರೆ.

ಕೃಷಿ ಪತ್ರಿಕೆಯಲ್ಲಿ ಈ ವಿಷಯ ಏಕೆ ಎಂದು ಕೆಲವರು ಕೇಳಬಹುದು. ಕಬ್ಬಿಗೆ ಕಳೆನಾಶಕ ಸಿಂಪಡಿಸುವಾಗ ಪ್ರಮಾಣ, ಸಮಯ, ಬೆರಕೆ ಮತ್ತು ಸುರಕ್ಷಿತ ಸಂಗ್ರಹಣೆ ಈ ನಾಲ್ಕನ್ನೂ ನೋಡಬೇಕೆಂದು ವಿಸ್ತರಣಾ ಕಾರ್ಯಕರ್ತರು ಹೇಳುತ್ತಲೇ ಬಂದಿದ್ದಾರೆ. ಈ ಗುಳಿಗೆಗೂ ಅದೇ ನಾಲ್ಕು ವಿಷಯಗಳು ಮುಖ್ಯ. ಮೇಲಾಗಿ, ದುಡಿಯುವ ಕೈ ಸೋತರೆ ಎಷ್ಟೇ ಉತ್ತಮ ತಳಿ ಇದ್ದರೂ ಹೊಲ ಪಾಳು ಬೀಳುತ್ತದೆ.

ಖಿನ್ನತೆಯೆಂದರೆ ಯಾವುದು?

ದುಃಖವೆಲ್ಲ ರೋಗವಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳು ಉಕ್ಕಿ ಹರಿದು ಜಮಖಂಡಿ, ಮುಧೋಳ ಭಾಗದ ನದಿತೀರದ ಹಳ್ಳಿಗಳಿಗೆ ನೀರು ನುಗ್ಗಿದಾಗ ಅಳದವರು ಕಡಿಮೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಬೀಳಗಿ ಭಾಗದ ಹಿರಿಯರು ಹಳೆಯ ಊರನ್ನು ನೆನೆದು ಮಂಕಾಗುವುದೂ ಸಹಜವೇ. ಇಂಥ ದುಃಖ ಬಂಧುಗಳ ಜೊತೆಗೆ, ಕೆಲಸದ ಜೊತೆಗೆ ಕ್ರಮೇಣ ಇಳಿಯುತ್ತದೆ. ಅದಕ್ಕೆ ಗುಳಿಗೆ ಬೇಕಿಲ್ಲ.

ಎರಡು ವಾರಗಳಿಗಿಂತ ಹೆಚ್ಚು ಕಾಲ, ದಿನದ ಬಹುಭಾಗ ಮನಸ್ಸು ಕುಗ್ಗಿರುವುದು. ಮೊದಲು ಇಷ್ಟವಿದ್ದ ಕೆಲಸದಲ್ಲಿ ರುಚಿ ಇಲ್ಲದಿರುವುದು. ಇವುಗಳ ಜೊತೆಗೆ ನಿದ್ರೆ ಕೆಡುವುದು, ಹಸಿವು ಇಂಗುವುದು, ಸುಸ್ತು, ಗಮನ ನಿಲ್ಲದಿರುವುದು, ತಾನು ಯಾರಿಗೂ ಬೇಡದವನೆಂಬ ಭಾವನೆ, ಸಾವಿನ ವಿಚಾರ ಬರುವುದು ಇದ್ದರೆ ಅದನ್ನು ವೈದ್ಯರು ಖಿನ್ನತೆಯ ರೋಗವೆಂದು ಗುರುತಿಸುತ್ತಾರೆ. ನಸುಕಿನ ಮೂರು ಗಂಟೆಗೇ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವುದು, ಮುಂಜಾನೆ ಹೆಚ್ಚು ಬೇಸರವಿದ್ದು ಸಂಜೆಗೆ ಸ್ವಲ್ಪ ಹಗುರಾಗುವುದು ತೀವ್ರ ಖಿನ್ನತೆಯಲ್ಲಿ ಕಂಡುಬರುವ ಲಕ್ಷಣಗಳು.

ನಮ್ಮ ಭಾಗದ ರೈತ ಇದನ್ನು ಮನಸ್ಸಿನ ಮಾತಾಗಿ ಹೇಳುವುದು ಕಡಿಮೆ. ವೈದ್ಯರ ಮುಂದೆ ಕುಳಿತು, “ತಲಿ ಭಾರ ಆಗೇತ್ರಿ ಸಾಹೇಬ್ರ, ಮೈಯಾಗ ಶಕ್ತಿನ ಇಲ್ಲ, ಊಟ ಸೇರೂದಿಲ್ಲ, ಒಂದು ಟಾನಿಕ್ ಬರದ ಕೊಡ್ರಿ” ಎನ್ನುತ್ತಾನೆ. ಅವಸರವಿದ್ದರೆ ಟಾನಿಕ್ ಸಿಕ್ಕು ಅಲ್ಲಿಗೆ ಮುಗಿಯುತ್ತದೆ. “ಮನಸ್ಸು ಹ್ಯಾಂಗೈತಿ ಯಜಮಾನ್ರ? ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗತೈತಿ?” ಎಂದು ವೈದ್ಯರು ಕೇಳಿದಾಗ ಮಾತ್ರ ನಿಜವಾದ ಸಂಗತಿ ಹೊರಬರುತ್ತದೆ. ಬನಹಟ್ಟಿಯ ಮಗ್ಗದ ಮನೆಗಳ ಹೆಣ್ಣುಮಕ್ಕಳು ಬೆನ್ನುನೋವು, ಎದೆ ಡವಡವ ಎಂದು ಹೇಳಿಕೊಂಡು ಬಂದಾಗಲೂ ಹೀಗೆಯೇ.

ಗುಳಿಗೆ ಬರೆಯುವ ಮುನ್ನ ವೈದ್ಯರು ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ, ಸಕ್ಕರೆ ಕಾಯಿಲೆ ಇವೆಯೇ ಎಂದು ಪರೀಕ್ಷಿಸಬಹುದು. ಇವೂ ಸುಸ್ತು ಹಾಗೂ ಬೇಸರ ತರುತ್ತವೆ. ರಕ್ತ ಪರೀಕ್ಷೆಗೆ ಬರೆದರೆ ಹಣ ಕೀಳಲು ಬರೆದರೆಂದು ಭಾವಿಸಬಾರದು.

ಔಷಧ ಬಂದ ಬಗೆ

ಈ ಔಷಧಗಳು ಕಂಡುಬಂದದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ. 1950ರ ದಶಕದ ಆರಂಭದಲ್ಲಿ ಅಮೇರಿಕೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೊನಿಯಾಜಿಡ್ ಎಂಬ ಔಷಧ ಕೊಟ್ಟಾಗ ರೋಗಿಗಳು ಅಸಾಮಾನ್ಯ ಉತ್ಸಾಹ ತೋರಿದರು. ಸ್ವಿಟ್ಜರ್ಲೆಂಡಿನ ವೈದ್ಯ ರೋಲಾಂಡ್ ಕೂನ್ ಅವರು ಬೇರೊಂದು ರೋಗಕ್ಕೆಂದು ತಯಾರಾದ ಇಮಿಪ್ರಮೀನ್ ಖಿನ್ನತೆಗೆ ಉಪಯುಕ್ತವೆಂಬುದನ್ನು ಗಮನಿಸಿ 1957ರಲ್ಲಿ ವರದಿ ಮಾಡಿದರು. ಅಮೇರಿಕೆಯಲ್ಲಿ 1987ರಲ್ಲಿ ಫ್ಲುಯಾಕ್ಸೆಟಿನ್‌ಗೆ ಅನುಮತಿ ದೊರೆತ ಮೇಲೆ ಹೃದಯಕ್ಕೆ ಕಡಿಮೆ ತೊಂದರೆ ಕೊಡುವ ಔಷಧಗಳು ಬಳಕೆಗೆ ಬಂದವು. ಇಂದು ನಮ್ಮ ಊರುಗಳ ಚೀಟಿಗಳಲ್ಲಿ ಹೆಚ್ಚಾಗಿ ಕಾಣುವ ಎಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಯಾಕ್ಸೆಟಿನ್ ಇವು ಈ ಹೊಸ ಗುಂಪಿನವು. ಅಮಿಟ್ರಿಪ್ಟಿಲಿನ್ ಹಾಗೂ ಇಮಿಪ್ರಮೀನ್ ಹಳೆಯ ಗುಂಪಿನವು. ಅಮಿಟ್ರಿಪ್ಟಿಲಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ನರದ ನೋವಿಗೆ, ಅರೆತಲೆನೋವಿಗೆ ಕೂಡ ಬರೆಯುತ್ತಾರೆ. ಆದುದರಿಂದ ಚೀಟಿಯಲ್ಲಿ ಅದರ ಹೆಸರು ಕಂಡ ಮಾತ್ರಕ್ಕೆ ವೈದ್ಯರು ತನ್ನನ್ನು ಮನೋರೋಗಿ ಎಂದು ತಿಳಿದರೆಂದು ಬೇಸರಿಸಬೇಕಿಲ್ಲ.

ಅಂಗಡಿಯಲ್ಲಿ ಒಂದೇ ಔಷಧ ಹತ್ತಾರು ವ್ಯಾಪಾರಿ ಹೆಸರುಗಳಲ್ಲಿ ಸಿಗುತ್ತದೆ. ಯೂರಿಯಾ ಚೀಲದ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಒಳಗಿನ ಸಾರಜನಕ ಶೇಕಡಾ 46 ಇರುವಂತೆ, ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧದ ಹೆಸರು ಮತ್ತು ಮಿಲಿಗ್ರಾಂ ಇವೆರಡನ್ನು ನೋಡಬೇಕು. ಇದನ್ನು ನೋಡದೆ ಎರಡು ಹೆಸರಿನ ಒಂದೇ ಗುಳಿಗೆಯನ್ನು ಎರಡೆರಡು ನುಂಗಿದರೆ ಪ್ರಮಾಣ ದುಪ್ಪಟ್ಟಾಗುತ್ತದೆ. ಜನೌಷಧಿ ಕೇಂದ್ರಗಳಲ್ಲಿ ಮೂಲ ಹೆಸರಿನಲ್ಲಿಯೇ ಕಡಿಮೆ ಬೆಲೆಗೆ ದೊರೆಯುತ್ತವೆ.

ಕೆಲಸ ಮಾಡುವ ರೀತಿ

ಮಿದುಳಿನಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶ ಸಾಗುವುದು ಕೆಲವು ರಾಸಾಯನಿಕಗಳ ಮೂಲಕ. ಎರಡು ಕೋಶಗಳ ನಡುವೆ ಅತಿ ಸೂಕ್ಷ್ಮವಾದ ಸಂದು ಇರುತ್ತದೆ. ಮೊದಲ ಕೋಶ ಆ ಸಂದಿಗೆ ಸೆರೊಟೋನಿನ್ ಎಂಬ ದ್ರವ್ಯವನ್ನು ಬಿಡುತ್ತದೆ. ಕೆಲಸ ಮುಗಿದೊಡನೆ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಮಡಿಗೆ ಬಿಟ್ಟ ನೀರನ್ನು ಬದುವಿನ ತೂತು ತಕ್ಷಣ ಎಳೆದುಕೊಂಡಂತೆ ಎಂದು ತಿಳಿಯಬಹುದು. ಹೊಸ ಗುಂಪಿನ ಗುಳಿಗೆ ಈ ತೂತನ್ನು ಭಾಗಶಃ ಮುಚ್ಚುತ್ತದೆ. ಆಗ ಸಂದಿನಲ್ಲಿ ಸೆರೊಟೋನಿನ್ ಹೆಚ್ಚು ಹೊತ್ತು ನಿಲ್ಲುತ್ತದೆ.

ಆದರೆ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ತೂತು ಮುಚ್ಚುವುದು ಗುಳಿಗೆ ನುಂಗಿದ ಕೆಲವೇ ಗಂಟೆಗಳಲ್ಲಿ. ಮನಸ್ಸು ಸುಧಾರಿಸುವುದು ಮಾತ್ರ ವಾರಗಳ ಮೇಲೆ. ಸೆರೊಟೋನಿನ್ ಕೊರತೆಯೇ ಖಿನ್ನತೆ, ಅದನ್ನು ತುಂಬಿದರೆ ಗುಣ ಎಂಬ ಸರಳ ವಿವರಣೆ ಹಲವೆಡೆ ಕೇಳಿಬರುತ್ತದೆ. ಅದು ಸಿದ್ಧಪಟ್ಟ ಸಂಗತಿಯಲ್ಲ. ಹೆಚ್ಚಿದ ಸೆರೊಟೋನಿನ್‌ಗೆ ನರಕೋಶಗಳು ನಿಧಾನವಾಗಿ ಹೊಂದಿಕೊಳ್ಳುತ್ತವೆ, ಆ ಹೊಂದಾಣಿಕೆಯಿಂದ ಗುಣ ಕಾಣುತ್ತದೆ ಎಂದು ತಜ್ಞರು ತಿಳಿಯುತ್ತಾರೆ. ಯೂರಿಯಾ ಹಾಕಿದ ವಾರಕ್ಕೆ ಎಲೆ ಹಸುರಾಗುತ್ತದೆ. ಕೊಟ್ಟಿಗೆ ಗೊಬ್ಬರದ ಫಲ ತಡವಾಗಿ ಕಾಣುತ್ತದೆ. ಈ ಗುಳಿಗೆ ಎರಡನೆಯ ಬಗೆಯದು.

ಗುಳಿಗೆಯಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನೂ ಸ್ಪಷ್ಟವಾಗಿ ತಿಳಿಯಬೇಕು. ಮಧ್ಯಮ ಹಾಗೂ ತೀವ್ರ ಖಿನ್ನತೆಯಲ್ಲಿ ಇದರ ಉಪಯೋಗ ಹೆಚ್ಚು. ಸೌಮ್ಯ ಖಿನ್ನತೆಯಲ್ಲಿ ಆಪ್ತ ಸಮಾಲೋಚನೆ, ದಿನಚರಿ ಸರಿಪಡಿಸುವುದು, ಜನರ ಜೊತೆ ಬೆರೆಯುವುದು ಇವುಗಳನ್ನು ಮೊದಲು ಮಾಡುವುದು ಲೇಸು. ಗೋವೆಯಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ತೀವ್ರ ಖಿನ್ನತೆಯವರ ಜೊತೆ ಆರರಿಂದ ಎಂಟು ಭೇಟಿಗಳಲ್ಲಿ ನಡೆಸಿದ ಸಮಾಲೋಚನೆ ಉತ್ತಮ ಫಲ ಕೊಟ್ಟಿತೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಇನ್ನು ಅಮೇರಿಕೆಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಮೊದಲ ಔಷಧದಿಂದಲೇ ಪೂರ್ಣ ಗುಣ ಕಂಡವರು ಸುಮಾರು ಮೂರರಲ್ಲಿ ಒಬ್ಬರು. ಉಳಿದವರಿಗೆ ಪ್ರಮಾಣ ಹೆಚ್ಚಿಸುವುದು, ಔಷಧ ಬದಲಿಸುವುದು, ಇನ್ನೊಂದನ್ನು ಸೇರಿಸುವುದು ಬೇಕಾಯಿತು. ಆದುದರಿಂದ ಮೊದಲ ಗುಳಿಗೆ ಫಲಿಸದಿದ್ದರೆ ವೈದ್ಯರೂ ತಪ್ಪಿಲ್ಲ, ರೋಗಿಯೂ ತಪ್ಪಿಲ್ಲ. ಎರಡನೆಯದನ್ನು ನೋಡಬೇಕು ಅಷ್ಟೆ. ಗುಳಿಗೆಯು ಕಬ್ಬಿನ ಬಾಕಿ ಹಣ ತಂದುಕೊಡುವುದಿಲ್ಲ, ಸಾಲವನ್ನೂ ತೀರಿಸುವುದಿಲ್ಲ. ಸಾಲದ ಪತ್ರವನ್ನು ಬ್ಯಾಂಕಿಗೆ ಒಯ್ದು ಮಾತನಾಡುವಷ್ಟು ಶಕ್ತಿಯನ್ನು ಮರಳಿ ಕೊಡಬಹುದು. ಅದು ಸಣ್ಣದೇನಲ್ಲ.

ಮೊದಲ ಆರು ವಾರ

ಈ ಔಷಧದ ವಿಷಯದಲ್ಲಿ ಹೆಚ್ಚಿನ ಜನ ಕೈಬಿಡುವುದು ಮೊದಲ ಎರಡು ವಾರಗಳಲ್ಲಿ. ಕಾರಣ ಸರಳ: ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ ಬರುತ್ತದೆ.

ಮುಧೋಳ ಕಡೆಯ ಐವತ್ತರ ಆಸುಪಾಸಿನ ಒಬ್ಬ ಕಬ್ಬು ಬೆಳೆಗಾರನನ್ನು ಉದಾಹರಣೆಗೆಂದು ಊಹಿಸಿಕೊಳ್ಳಿ. ವೈದ್ಯರು ಎಸಿಟಾಲೊಪ್ರಾಮ್ 5 ಮಿ.ಗ್ರಾಂ. ಆರಂಭಿಸಿ, ವಾರದ ನಂತರ 10 ಮಿ.ಗ್ರಾಂ.ಗೆ ಏರಿಸಲು ಬರೆದಿದ್ದಾರೆ. ಚೀಟಿಯಲ್ಲಿ 1-0-0 ಎಂದಿದೆ. ಇದರ ಅರ್ಥ ಮುಂಜಾನೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ಎರಡನೆಯ ದಿನ ಅವನಿಗೆ ಹೊಟ್ಟೆ ತೊಳೆಸುತ್ತದೆ, ತಲೆ ನೋಯುತ್ತದೆ, ಭೇದಿಯಾಗುತ್ತದೆ. ರಾತ್ರಿ ನಿದ್ರೆ ಮತ್ತಷ್ಟು ಕೆಡುತ್ತದೆ. ನಾಲ್ಕನೆಯ ದಿನ ಮನೆಯವರು, “ಈ ಗುಳಿಗಿ ನಿಮಗ ಹಿಡಸಂಗಿಲ್ಲ, ಬಿಡ್ರಿ” ಎನ್ನುತ್ತಾರೆ. ಅವನು ಬಿಡುತ್ತಾನೆ. ಇನ್ನು ಹತ್ತು ದಿನ ತಡೆದಿದ್ದರೆ ಹೊಟ್ಟೆಯ ತೊಂದರೆ ಬಹುತೇಕ ತಾನಾಗಿಯೇ ಇಳಿಯುತ್ತಿತ್ತು. ಊಟದ ನಂತರ ನುಂಗಿದರೆ ಅದು ಇನ್ನೂ ಕಡಿಮೆ.

ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಸುಧಾರಣೆ ಆರಂಭವಾಗುತ್ತದೆ. ನಿದ್ರೆ, ಹಸಿವು ಮೊದಲು ಸರಿಯಾಗಬಹುದು. ಮನಸ್ಸಿನ ಭಾರ ಇಳಿಯಲು ಆರು ವಾರ ಬೇಕಾಗಬಹುದು. ರೋಗಿಗಿಂತ ಮೊದಲು ಮನೆಯವರಿಗೇ ಬದಲಾವಣೆ ಕಾಣುವುದುಂಟು. ಮಾತು ಹೆಚ್ಚಾಯಿತು, ಎತ್ತಿಗೆ ತಾನೇ ಮೇವು ಹಾಕಿದ, ಮೊಮ್ಮಗನನ್ನು ಎತ್ತಿಕೊಂಡ ಎಂಬಂಥ ಸಣ್ಣ ಗುರುತುಗಳನ್ನು ವೈದ್ಯರಿಗೆ ಹೇಳಬೇಕು.

ಇದೇ ಅವಧಿಯಲ್ಲಿ ಎಚ್ಚರವೂ ಅವಶ್ಯ. ಕೆಲವರಲ್ಲಿ ಗುಳಿಗೆ ಆರಂಭಿಸಿದಾಗ ಅಥವಾ ಪ್ರಮಾಣ ಬದಲಿಸಿದಾಗ ಚಡಪಡಿಕೆ, ಸಿಟ್ಟು, ಒಂದೆಡೆ ಕೂರಲಾರದ ಸ್ಥಿತಿ ಕಂಡುಬರುತ್ತದೆ. 25 ವರ್ಷದೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಸಾವಿನ ವಿಚಾರಗಳು ಹೆಚ್ಚಾಗುವ ಸಂಭವವಿದೆಯೆಂದು ಅಮೇರಿಕೆಯ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು ಹಾಗೂ ಹದಿಹರೆಯದವರ ಕುರಿತು ಎಚ್ಚರಿಕೆ ಹಾಕಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಇದರರ್ಥ ತರುಣರಿಗೆ ಗುಳಿಗೆ ಕೊಡಬಾರದೆಂದಲ್ಲ; ಮೊದಲ ತಿಂಗಳು ಅವರನ್ನು ಒಂಟಿಯಾಗಿ ಬಿಡದೆ, ವೈದ್ಯರು ಹೇಳಿದ ದಿನಕ್ಕೆ ಸರಿಯಾಗಿ ತೋರಿಸಬೇಕೆಂದು.

ಇನ್ನೊಂದು ಬಗೆಯ ಅಪಾಯ ಇದಕ್ಕೆ ವಿರುದ್ಧವಾದುದು. ಕೆಲವರ ಕಾಯಿಲೆಯಲ್ಲಿ ಖಿನ್ನತೆ ಮತ್ತು ಅತಿ ಉತ್ಸಾಹ ಒಂದಾದ ಮೇಲೊಂದು ಬರುತ್ತವೆ. ಅಂಥವರಿಗೆ ಈ ಗುಳಿಗೆ ಮಾತ್ರ ಕೊಟ್ಟರೆ ಮನಸ್ಸು ಎದುರು ದಿಕ್ಕಿಗೆ ಜಿಗಿಯಬಹುದು. ಎರಡು ಗಂಟೆ ಮಲಗಿದರೂ ಸುಸ್ತಿಲ್ಲ, ಎಡೆಬಿಡದ ಮಾತು, ಯಾರನ್ನೂ ಕೇಳದೆ ಹೊಸ ಟ್ರ್ಯಾಕ್ಟರಿಗೆ ಮುಂಗಡ ಕೊಟ್ಟು ಬರುವುದು ಇವು ಗುಣವಾದ ಲಕ್ಷಣಗಳಲ್ಲ. ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಮೊದಲು ಎಂದಾದರೂ ಹೀಗಾಗಿದ್ದರೆ, ಅಥವಾ ಮನೆತನದಲ್ಲಿ ಇಂಥವರಿದ್ದರೆ ಮೊದಲ ಭೇಟಿಯಲ್ಲಿಯೇ ಹೇಳುವುದು ಒಳಿತು. ಮನೆತನದ ಮರ್ಯಾದೆಗೆಂದು ಇದನ್ನು ಮುಚ್ಚಿಡುವವರು ಬಹಳ.

ಹೊಲದ ಕೆಲಸ ಮತ್ತು ಗುಳಿಗೆ

ಆಸ್ಪತ್ರೆಯಲ್ಲಿ ಕೊಡುವ ಸೂಚನೆಗಳು ಸಾಮಾನ್ಯವಾಗಿ ಪಟ್ಟಣದವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಹೊಲದಲ್ಲಿ ದುಡಿಯುವವರು ಇನ್ನೂ ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಗುಳಿಗೆಗಳು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ಬೆವರನ್ನು ಕಡಿಮೆ ಮಾಡುತ್ತವೆ. ಬೆವರು ಬಾರದಿದ್ದರೆ ಮೈಯ ಶಾಖ ಹೊರಹೋಗುವುದಿಲ್ಲ. ನಮ್ಮ ಭಾಗದಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆ ದಿನಗಳಲ್ಲಿ ಈ ಗುಳಿಗೆ ತೆಗೆದುಕೊಳ್ಳುವವರು ನಡುಮಧ್ಯಾಹ್ನ ಹೊಲದಲ್ಲಿ ನಿಲ್ಲಬಾರದು; ನೀರು, ಮಜ್ಜಿಗೆ ಹೆಚ್ಚಾಗಿ ಕುಡಿಯಬೇಕು. ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುವುದುಂಟು. ಆದ್ದರಿಂದ ಬಾವಿಯ ದಂಡೆ, ಮಾಳಿಗೆಯ ಏಣಿ ಇಂಥ ಕಡೆ ಜೋಪಾನ. ಮೂತ್ರ ಕಟ್ಟುವ ತೊಂದರೆ ಇರುವ ಹಿರಿಯರು, ಕಣ್ಣಿನ ಒತ್ತಡದ ಕಾಯಿಲೆ ಇರುವವರು, ಹೃದ್ರೋಗಿಗಳು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಮಂಪರು ತರುವ ಗುಳಿಗೆಯನ್ನು ರಾತ್ರಿ ಕೊಡುತ್ತಾರೆ. ಅದನ್ನು ರಾತ್ರಿ ಹನ್ನೆರಡಕ್ಕೆ ನುಂಗಿ ನಸುಕಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸಲು ಹೋಗುವುದು ಅಪಾಯ. ಎಂಟು ಗಂಟೆಗೆ ಊಟ ಮಾಡಿ ನುಂಗುವುದು ಮೇಲು. ಗಾಣ, ಮೇವು ಕತ್ತರಿಸುವ ಯಂತ್ರ, ವಿದ್ಯುತ್ ಮಗ್ಗ ಇವುಗಳ ಮುಂದೆ ಕೆಲಸ ಮಾಡುವವರು ಮೊದಲ ವಾರ ಗುಳಿಗೆ ತಮ್ಮ ಮೇಲೆ ಹೇಗೆ ನಡೆಯುತ್ತದೆಂದು ನೋಡಿಕೊಂಡ ಮೇಲೆಯೇ ಯಂತ್ರಕ್ಕೆ ಕೈ ಹಚ್ಚಬೇಕು. ರಾತ್ರಿ ಪಾಳಿಯ ವಿದ್ಯುತ್ತಿಗಾಗಿ ಎದ್ದು ನೀರು ಹಾಯಿಸುವವರು ಆ ವಿಷಯವನ್ನು ವೈದ್ಯರಿಗೆ ಹೇಳಿದರೆ ಹಗಲು ತೆಗೆದುಕೊಳ್ಳುವ ಔಷಧವನ್ನು ಆರಿಸಬಹುದು.

ಹೊಸ ಗುಳಿಗೆಗಳು ಇದಕ್ಕೆ ವ್ಯತಿರಿಕ್ತವಾಗಿ ಕೆಲವರಲ್ಲಿ ಬೆವರನ್ನು ಹೆಚ್ಚಿಸುತ್ತವೆ, ವಾಕರಿಕೆಯನ್ನೂ ತರುತ್ತವೆ. ಇಲ್ಲಿ ಒಂದು ಗೊಂದಲಕ್ಕೆ ಆಸ್ಪದವಿದೆ. ಕೀಟನಾಶಕ ಮೈಗೆ ತಗುಲಿದಾಗಲೂ ಬೆವರು, ವಾಕರಿಕೆ, ತಲೆಸುತ್ತು ಬರುತ್ತವೆ. ಸಿಂಪಡಿಸಿದ ದಿನ ಇಂಥ ಲಕ್ಷಣ ಕಂಡರೆ “ಗುಳಿಗಿದ್ದು ಇರಬೇಕು” ಎಂದು ಸುಮ್ಮನಿರದೆ ಬಟ್ಟೆ ಬದಲಿಸಿ, ಸಾಬೂನಿನಿಂದ ಮೈ ತೊಳೆದು, ಕೀಟನಾಶಕದ ಹೆಸರು ಬರೆದಿರುವ ಚೀಟಿ ಹಾಗೂ ಗುಳಿಗೆಯ ಪಟ್ಟಿ ಎರಡನ್ನೂ ಹಿಡಿದು ಆಸ್ಪತ್ರೆಗೆ ಹೋಗಬೇಕು. ರೋಗಿ ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದಾನೆಂಬುದು ವೈದ್ಯರಿಗೆ ತಿಳಿಯಲೇಬೇಕು.

ಲೈಂಗಿಕ ಆಸಕ್ತಿ ಕಡಿಮೆಯಾಗುವುದು ಹೊಸ ಗುಳಿಗೆಗಳ ಮತ್ತೊಂದು ದೋಷ. ನಾಚಿಕೆಯಿಂದ ಯಾರೂ ಹೇಳುವುದಿಲ್ಲ. ಸದ್ದಿಲ್ಲದೆ ಗುಳಿಗೆ ಬಿಟ್ಟುಬಿಡುತ್ತಾರೆ. ವೈದ್ಯರಿಗೆ ಇದು ಹೊಸ ಸಂಗತಿಯಲ್ಲ. ಪ್ರಮಾಣ ಇಳಿಸಲು ಅಥವಾ ಔಷಧ ಬದಲಿಸಲು ಬರುತ್ತದೆ.

ಯಾವುದರ ಜೊತೆ ಸೇರಬಾರದು

ಎಲ್ಲ ಔಷಧಗಳನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಿ ಸಿಂಪಡಿಸಿದರೆ ಬೆಳೆ ಸುಡುವುದುಂಟು. ಇಲ್ಲಿಯೂ ಹಾಗೆಯೇ.

ಸೊಂಟ ನೋವಿಗೆ ತೆಗೆದುಕೊಳ್ಳುವ ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್, ಹೃದಯಕ್ಕೆಂದು ಬರೆದ ಆಸ್ಪಿರಿನ್ ಇವು ಹೊಸ ಗುಂಪಿನ ಗುಳಿಗೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಂಭವ ಹೆಚ್ಚುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ಕೂಡಲೇ ತೋರಿಸಬೇಕು. ಕಬ್ಬು ಕಡಿಯುವ ಹಂಗಾಮಿನಲ್ಲಿ ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಗುಳಿಗೆಗಳು ಹೆಚ್ಚಾಗಿ ಇವೇ ಆಗಿರುತ್ತವೆ. ಟ್ರಮಡಾಲ್ ಎಂಬ ನೋವಿನ ಗುಳಿಗೆ, ಕೆಲವು ಕೆಮ್ಮಿನ ಔಷಧಗಳಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫನ್, ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲಿನೆಜೋಲಿಡ್ ಇವು ಸೇರಿದರೆ ಸೆರೊಟೋನಿನ್ ಮಿತಿಮೀರಬಹುದು. ನಡುಕ, ಜ್ವರ, ಅತಿ ಬೆವರು, ಸ್ನಾಯುಗಳ ಬಿಗಿತ, ಗಲಿಬಿಲಿ ಇದರ ಲಕ್ಷಣಗಳು. ತಡಮಾಡಿದರೆ ಪ್ರಾಣಕ್ಕೆ ಅಪಾಯ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವ ಹಿರಿಯರಲ್ಲಿ ರಕ್ತದ ಉಪ್ಪಿನ ಅಂಶ ಇಳಿದು ತೂಕಡಿಕೆ, ನಡಿಗೆ ತಪ್ಪುವುದು, ಗಲಿಬಿಲಿ ಆಗಬಹುದು. ಇದನ್ನು “ವಯಸ್ಸಾತು” ಎಂದು ತಳ್ಳಿಹಾಕದೆ ರಕ್ತ ಪರೀಕ್ಷೆ ಮಾಡಿಸಬೇಕು.

ಸಾರಾಯಿ ಖಿನ್ನತೆಯನ್ನು ಹೆಚ್ಚಿಸುತ್ತದೆ, ಗುಳಿಗೆಯ ಮಂಪರನ್ನೂ ಹೆಚ್ಚಿಸುತ್ತದೆ. ಕುಡಿಯುವ ರೂಢಿ ಇದ್ದರೆ ವೈದ್ಯರಿಂದ ಬಚ್ಚಿಡಬಾರದು. ನಿತ್ಯ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೂ ಅಪಾಯವಿದೆ. ಅದಕ್ಕೂ ಚಿಕಿತ್ಸೆ ಬೇಕು.

ನಿದ್ರೆ ಗುಳಿಗೆ ಬೇರೆ, ಇದು ಬೇರೆ

“ಈ ಗುಳಿಗಿ ಚಟಾ ಆಗತೈತಿ” ಎಂಬ ಮಾತು ಹಳ್ಳಿಗಳಲ್ಲಿ ಬಹಳ ಕೇಳಿಬರುತ್ತದೆ. ಅದರ ಮೂಲ ಅಲ್ಪ್ರಜೋಲಾಮ್, ಕ್ಲೊನಜೆಪಾಮ್, ಡಯಾಜೆಪಾಮ್ ಮೊದಲಾದ ನಿದ್ರೆ ಹಾಗೂ ಕಳವಳದ ಗುಳಿಗೆಗಳಲ್ಲಿದೆ. ಇವು ಅರ್ಧ ಗಂಟೆಯಲ್ಲಿ ಹಿತ ಕೊಡುತ್ತವೆ, ಆದರೆ ಕೆಲವು ವಾರಗಳಲ್ಲಿಯೇ ಅಂಟಿಕೊಳ್ಳುತ್ತವೆ. ವೈದ್ಯರು ಆರಂಭದ ದಿನಗಳಲ್ಲಿ ನಿದ್ರೆಗೆಂದು ಎರಡು ವಾರಕ್ಕೆ ಮಾತ್ರ ಇದನ್ನು ಬರೆದಿರುತ್ತಾರೆ. ರೋಗಿಯು ಖಿನ್ನತೆಯ ಗುಳಿಗೆಯನ್ನು ಬಿಟ್ಟು, ನಿದ್ರೆ ಗುಳಿಗೆಯನ್ನು ಮಾತ್ರ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತರುತ್ತಾನೆ. ಇದು ತಲೆಕೆಳಗಾದ ಚಿಕಿತ್ಸೆ.

ಖಿನ್ನತೆಯ ಗುಳಿಗೆಯಲ್ಲಿ ಮತ್ತು ಬರುವುದಿಲ್ಲ, ಅದಕ್ಕಾಗಿ ಮನಸ್ಸು ಹಂಬಲಿಸುವುದಿಲ್ಲ, ದಿನದಿನಕ್ಕೆ ಪ್ರಮಾಣ ಹೆಚ್ಚಿಸಬೇಕೆನಿಸುವುದೂ ಇಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ಕೆಲವು ದಿನಗಳಲ್ಲಿ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂಥ ಅನುಭವ, ಸಿಟ್ಟು, ಕೆಟ್ಟ ಕನಸು ಕಾಣಿಸಿಕೊಳ್ಳಬಹುದು. ದೀರ್ಘಕಾಲ ತೆಗೆದುಕೊಂಡವರಲ್ಲಿ ಈ ತೊಂದರೆ ಹೆಚ್ಚು ದಿನ ಉಳಿಯುವುದೂ ಉಂಟು. ಫ್ಲುಯಾಕ್ಸೆಟಿನ್ ಮೈಯಲ್ಲಿ ಬಹುಕಾಲ ಉಳಿಯುವುದರಿಂದ ಅದರಲ್ಲಿ ಇದು ಕಡಿಮೆ.

ಎಷ್ಟು ದಿನ ಎಂಬ ಪ್ರಶ್ನೆಗೆ ಉತ್ತರ ಹೀಗಿದೆ. ಪೂರ್ಣ ಗುಣ ಕಂಡ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಎರಡು-ಮೂರು ಬಾರಿ ಮರುಕಳಿಸಿದ್ದರೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು. ನಿಲ್ಲಿಸುವಾಗ ವೈದ್ಯರು ಹೇಳಿದಂತೆ ವಾರಗಳು ಅಥವಾ ತಿಂಗಳುಗಳ ಅವಧಿಯಲ್ಲಿ ಹಂತಹಂತವಾಗಿ ಇಳಿಸಬೇಕು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ಸುಗ್ಗಿಯ ಗಡಿಬಿಡಿಯಲ್ಲಿ ಪಟ್ಟಿ ಮುಗಿದದ್ದು ಗಮನಕ್ಕೆ ಬಾರದೆ ಹೋಗುವುದುಂಟು; ಐದು ಗುಳಿಗೆ ಉಳಿದಿರುವಾಗಲೇ ತರಿಸುವುದು ಉತ್ತಮ.

ಗರ್ಭಿಣಿಯರು ಹಾಗೂ ಬಾಣಂತಿಯರು ಈ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಹಿರಿಯರ ಮಾತಿಗೆ ಒಮ್ಮೆಲೇ ನಿಲ್ಲಿಸಬಾರದು. ತಾಯಿಯ ಖಿನ್ನತೆ ಮರುಕಳಿಸುವುದು ಮಗುವಿಗೂ ಹಾನಿ. ಹಾಲುಣಿಸುವಾಗ ಸರ್ಟ್ರಾಲಿನ್ ಅನ್ನು ವೈದ್ಯರು ಹೆಚ್ಚಾಗಿ ಆರಿಸುತ್ತಾರೆ.

ಬೀಗದ ವಿಷಯ

ಗುಳಿಗೆ ಫಲಿಸಲು ವಾರಗಳು ಬೇಕು. ಆ ವಾರಗಳಲ್ಲಿ ಮನೆ ಸುರಕ್ಷಿತವಾಗಿರಬೇಕು. ರೈತರ ಮನೆಯಲ್ಲಿ ಇದಕ್ಕೆ ಮಾಡಬೇಕಾದ ಮೊದಲ ಕೆಲಸ ಕೀಟನಾಶಕ, ಕಳೆನಾಶಕಗಳನ್ನು ಬೀಗದಲ್ಲಿಡುವುದು. ಸಾವಿನ ವಿಚಾರ ಬಹಳ ಸಲ ಕೆಲವೇ ನಿಮಿಷಗಳ ಅಥವಾ ಗಂಟೆಗಳ ಬಿರುಗಾಳಿ. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಹೆಚ್ಚಿನವರು ಉಳಿಯುತ್ತಾರೆ, ಉಳಿದವರಲ್ಲಿ ಬಹುಪಾಲು ಜನ ಮುಂದೆ ಬಾಳುತ್ತಾರೆ. ಬೇಕಾದಷ್ಟೇ ಖರೀದಿಸಿ ಉಳಿದದ್ದನ್ನು ಮನೆಯಲ್ಲಿಡದಿರುವುದು, ಪೆಟ್ಟಿಗೆಯ ಕೀಲಿಯನ್ನು ರೋಗಿಯಲ್ಲದ ಮತ್ತೊಬ್ಬರು ಇಟ್ಟುಕೊಳ್ಳುವುದು, ಸಾಧ್ಯವಾದರೆ ಕೆಲವು ತಿಂಗಳು ಅಣ್ಣ-ತಮ್ಮಂದಿರ ಮನೆಯಲ್ಲಿಡುವುದು ಇವು ಖರ್ಚಿಲ್ಲದ ಕೆಲಸಗಳು. ವಿಸ್ತರಣಾ ಕಾರ್ಯಕರ್ತರು ಬೆಳೆ ನೋಡಲು ಹೋದಾಗ ಈ ಪೆಟ್ಟಿಗೆಯ ಬಗ್ಗೆಯೂ ಒಂದು ಮಾತು ಕೇಳಬಹುದು.

ಗುಳಿಗೆಗಳಿಗೂ ಇದೇ ನಿಯಮ. ಹಳೆಯ ಗುಂಪಿನ ಗುಳಿಗೆಗಳು ಮಿತಿಮೀರಿದರೆ ಹೃದಯಕ್ಕೆ ಬಹಳ ಅಪಾಯ. ಸಣ್ಣ ಮಕ್ಕಳಿಗೆ ಕೆಲವೇ ಗುಳಿಗೆಗಳೂ ಅಪಾಯ. ಸಾವಿನ ಮಾತಾಡುವ ರೋಗಿ ಇದ್ದರೆ ಮೂರು ತಿಂಗಳ ಗುಳಿಗೆಯನ್ನು ಒಮ್ಮೆಲೇ ತರಬಾರದು. ವಾರ, ಹತ್ತು ದಿನಕ್ಕೆ ಬೇಕಾಗುವಷ್ಟು ತಂದು ಮನೆಯವರೇ ಕೈಯಾರೆ ಕೊಡಬೇಕು.

“ಸಾಯಬೇಕು ಅನಸತೈತೇನು?” ಎಂದು ಕೇಳಿದರೆ ಇಲ್ಲದ ವಿಚಾರ ಹುಟ್ಟಿಸಿದಂತಾಗುತ್ತದೆಂದು ಹಲವರು ಅಂಜುತ್ತಾರೆ. ಇದು ತಪ್ಪು ತಿಳುವಳಿಕೆ. ಪ್ರೀತಿಯಿಂದ ನೇರವಾಗಿ ಕೇಳಿದರೆ ಭಾರ ಹಗುರಾಗುತ್ತದೆ, ಸಹಾಯಕ್ಕೆ ದಾರಿಯಾಗುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಏನಾದರೂ ಸೇವಿಸಿದ ಸಂಶಯವಿದ್ದರೆ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಪೊಲೀಸ್ ಕೇಸಾಗುತ್ತದೆಂದು ಆಸ್ಪತ್ರೆಗೆ ಒಯ್ಯಲು ಹಿಂಜರಿಯುವವರಿದ್ದಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೆಯ ಕಲಮಿನಂತೆ ಇಂಥ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು. ಆರೈಕೆ ಒದಗಿಸುವುದು ಸರಕಾರದ ಹೊಣೆ.

ಎಲ್ಲಿಗೆ ಹೋಗಬೇಕು?

ಮನೋರೋಗದ ಚಿಕಿತ್ಸೆ ದೊಡ್ಡ ಊರಿನಲ್ಲಿ ಮಾತ್ರ ಎಂಬ ಕಾಲ ಹೋಗಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲಿಯೇ ಈ ಗುಳಿಗೆಗಳನ್ನು ಒದಗಿಸಬಹುದೆಂದು ದೇಶಕ್ಕೆ ತೋರಿಸಿದ್ದು ಕರ್ನಾಟಕವೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲೂಕು ಆಸ್ಪತ್ರೆಗೆ ಹೋಗಬಹುದು. ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಬೇಕು; ಮನೋಚೈತನ್ಯ ಕಾರ್ಯಕ್ರಮದಲ್ಲಿ ಇದಕ್ಕೆಂದು ಮಂಗಳವಾರವನ್ನು ಗೊತ್ತುಪಡಿಸಲಾಗಿತ್ತು. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ ನಂತರದ್ದು. ಕಾಯಿಲೆ ಬಿಗಡಾಯಿಸಿದರೆ ಧಾರವಾಡದ ಡಿಮ್ಹಾನ್ಸ್ ಇದೆ. ಪ್ರಯಾಣ ಸಾಧ್ಯವಿಲ್ಲದವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ.

ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನು, ನಾಟಿ ಔಷಧ ಹಾಗೂ ಚೂರ್ಣಗಳಿದ್ದರೆ ಅವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು, ರೋಗಿಯ ದಿನಚರಿ ಬಲ್ಲ ಒಬ್ಬರು ಜೊತೆಗೆ ಹೋಗಬೇಕು. ಹಳೆಯ ಚೀಟಿಗಳನ್ನು ಎಸೆಯದೆ ದಾರಕ್ಕೆ ಪೋಣಿಸಿಟ್ಟರೆ ಯಾವ ಗುಳಿಗೆ ಎಂದು ಆರಂಭವಾಯಿತು, ಯಾವುದು ಹಿಡಿಸಲಿಲ್ಲ ಎಂಬುದು ಹೊಸ ವೈದ್ಯರಿಗೂ ಒಂದು ನೋಟಕ್ಕೆ ತಿಳಿಯುತ್ತದೆ.